ಪ್ರೆಸ್‌ಗೆ ಕೊಡುವ ಮುಂಚೆ ಕಾಗದದ ಮೇಲೆ ಓದಿ

ಸರ್, ಪ್ರೆಸ್‌ನವರಿಗೆ ಈಗಲೇ ಫೋನ್ ಮಾಡಿ ಎರಡು ವಾರ ತಡೆಯಲು ಹೇಳಿ. ನಿಮ್ಮ ಮೊದಲ ಕಥಾಸಂಕಲನದ ಬಗ್ಗೆ ಬರೆದಿದ್ದೀರಿ: ‘ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿದ ಕಥೆಗಳನ್ನು ಡಿಟಿಪಿಯವರು ನುಡಿಗೆ (ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟ್) ಕನ್ವರ್ಟ್ ಮಾಡಿ ಪುಟ ಜೋಡಿಸುವ ಪೇಜ್‌ಮೇಕರ್‌ ಸಾಫ್ಟ್‌ವೇರ್‌ನಲ್ಲಿ ಕೂರಿಸಿದ್ದಾರೆ, ಪಿಡಿಎಫ್ ಮೊಬೈಲ್‌ನಲ್ಲಿ ನೋಡಿ ಓಕೆ ಅಂದೆ, ನಾಳೆ ಸಾವಿರ ಪ್ರತಿ ಅಚ್ಚಿಗೆ.’ ನನ್ನ ಮೊದಲ ಪುಸ್ತಕ ಕೆಟ್ಟದ್ದು ಹೀಗೆಯೇ.

ಡಾಕ್ಸ್‌ನಲ್ಲಿ ಎಷ್ಟೇ ತಿದ್ದಿರಿ, ಕನ್ವರ್ಟ್ ಆಗುವಾಗ ಹೊಸ ತಪ್ಪುಗಳು ಹುಟ್ಟುತ್ತವೆ. ‘ಬಸ್‌ನಲ್ಲಿ’ ಅನ್ನುವುದು ‘ಬಸ್ನಲ್ಲಿ’ ಆಗುತ್ತದೆ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗಿ ಅರ್ಕಾವತ್ತು ಹತ್ತಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂತಿರುತ್ತದೆ. ಬರೆದವರ ಕಣ್ಣಿಗೆ ಇವು ಬೀಳುವುದಿಲ್ಲ. ಏನಿರಬೇಕೋ ಅದನ್ನೇ ಓದಿಕೊಂಡು ಹೋಗುತ್ತೇವೆ, ಅಲ್ವಾ?

ಪೂರ್ತಿ ಪುಸ್ತಕವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಕಥೆ ಗೊತ್ತಿಲ್ಲದವರು ಆ ಪ್ರಿಂಟನ್ನು ಗಟ್ಟಿಯಾಗಿ ಓದಲಿ, ಪೂರ್ಣವಿರಾಮ, ಕೊಟೇಶನ್ ಸಮೇತ. ನೀವು ಮೂಲ ಹಿಡಿದು ಕೂತು ಕೇಳಿಸಿಕೊಳ್ಳಿ. ಒಂದು ಕಥೆ ಮುಗಿದ ಮೇಲೆ ನಿಲ್ಲಿಸಿ. ಸುಸ್ತಾದ ಕಿವಿಗೆ ಏನೂ ಕೇಳುವುದಿಲ್ಲ. ತಿದ್ದಿದ ಮೇಲೆ ಆ ಪುಟಗಳ ಪ್ರಿಂಟ್ ಮತ್ತೆ ತೆಗೆಯಲೇಬೇಕು. ಒಂದು ಸಾಲು ಜಾರಿದರೂ ಪರಿವಿಡಿಯ ಪುಟಸಂಖ್ಯೆ ತಪ್ಪಬಹುದು. ಓದಿ ಓದಿ ಮನೆಯವರಿಗೆ ಬೇಜಾರಾಗುತ್ತದೆ, ಆದರೂ ಬಿಡಬೇಡಿ.

ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಇನ್ನೂ ಅದಕ್ಕೇ ಅಂಟಿಕೊಂಡಿರುವುದು ನನಗಂತೂ ಸರಿ ಕಾಣುವುದಿಲ್ಲ. ಅದರ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ ಡಾಕ್ಸ್‌ನ ಯೂನಿಕೋಡ್ ಅಕ್ಷರ ಕನ್ವರ್ಟ್ ಇಲ್ಲದೆ ಹಾಗೇ ಕೂರುತ್ತದೆ. ಆದರೆ ಅದರಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡಿರಬೇಕು, ಇಲ್ಲದಿದ್ದರೆ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಇನ್‌ಡಿಸೈನ್ ಆದರೂ ಪ್ರಿಂಟ್ ತೆಗೆದು ಓದುವುದು ತಪ್ಪುವುದಿಲ್ಲ.

ಇನ್ನು ಸಾವಿರ ಪ್ರತಿ. ಯಾಕೆ ಸರ್ ಅಷ್ಟು ಅವಸರ? ಮೊದಲು ಡಿಜಿಟಲ್ ಪ್ರಿಂಟ್‌ನಲ್ಲಿ ನೂರು ಪ್ರತಿ ತೆಗೆಯಿರಿ. ಒಂದೊಂದು ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ನಿಜ. ಆದರೆ ಉಳಿದ ತಪ್ಪನ್ನು ಓದುಗರೇ ತೋರಿಸಿಕೊಡುತ್ತಾರೆ, ಹೆಚ್ಚು ಪ್ರತಿಗೆ ಬಳಸುವ ಆಫ್‌ಸೆಟ್ ಅಚ್ಚಿಗೆ ಹೋಗುವಾಗ ತಿದ್ದಿಕೊಳ್ಳಬಹುದು. ಆಫ್‌ಸೆಟ್‌ನಲ್ಲಿ ಫಾರಂ ಲೆಕ್ಕ ಮರೆಯಬೇಡಿ. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಂಗೆ, ಅಂದರೆ ಮಡಚುವ ಒಂದು ದೊಡ್ಡ ಹಾಳೆಗೆ, 16 ಪುಟ. ನಿಮ್ಮದು 163 ಪುಟ ಅಂದಿರಿ, ಹತ್ತು ಫಾರಂಗೆ ಸರಿಯಾಗಿ 160ಕ್ಕೆ ಇಳಿಸಿ. ಮುನ್ನುಡಿ, ಎರಡು ಪುಟದ ಕೃತಜ್ಞತೆ ಎಲ್ಲ ಬೇಕೇ ಯೋಚಿಸಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ಅದನ್ನು ಕೊಡುವ ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಉಚಿತ. ದುಡ್ಡು ಪಡೆದು ಪುಸ್ತಕ ಮಾಡಿಕೊಡುವ ಪ್ಯಾಕೇಜ್‌ನವರಿಂದ ತೆಗೆದುಕೊಂಡರೆ ಪ್ರಕಾಶಕರ ಜಾಗದಲ್ಲಿ ಅವರ ಹೆಸರು ಕೂರುತ್ತದೆ. ಆಮೇಲೆ ಬೇರೆ ಕಡೆ ಮರುಮುದ್ರಣ ಮಾಡಿಸುವಾಗ ತಲೆನೋವು. ಇದು ಚೊಚ್ಚಲ ಕೃತಿಯಾದ್ದರಿಂದ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಪ್ರಕಟಣೆಯನ್ನೂ ನೋಡಿ. ಹಸ್ತಪ್ರತಿ ಕೈಯಲ್ಲಿರುವಾಗಲೇ ನೋಡಬೇಕು. ವಯಸ್ಸಿನ ಷರತ್ತು ಓದಿಕೊಳ್ಳಿ.

ಬೆಲೆಯನ್ನು ಕವರ್ ಅಚ್ಚಾಗುವ ಮುಂಚೆ ಗಟ್ಟಿ ಮಾಡಿ. ಅಂಗಡಿಯವರು ಮೂವತ್ತು, ನಲವತ್ತು ಪರ್ಸೆಂಟ್ ಕಮಿಷನ್ ಕೇಳುತ್ತಾರೆ. ಅದನ್ನು ಕಳೆದು ಅಚ್ಚಿನ ಖರ್ಚು, ಅಂಚೆ ಖರ್ಚು ಹುಟ್ಟುತ್ತದೆಯೇ ಲೆಕ್ಕ ಹಾಕಿ. ಹುಟ್ಟದಿದ್ದರೆ ಪುಟ ಕಡಿಮೆ ಮಾಡಿ, ಕಾಗದ ಮಾತ್ರ 70 ಜಿಎಸ್‌ಎಂಗಿಂತ (ಚದರ ಮೀಟರ್‌ಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ತೆಳ್ಳಗೆ ಮಾಡಬೇಡಿ. ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತದೆ.