ಮೊಕತ್ತಂ ಗುಹಾ ಚರ್ಚಿಗೆ ಕಸದ ಬಡಾವಣೆಯನ್ನು ತಪ್ಪಿಸಿ ಹೋಗಬಹುದೇ?

ತಾಯಿಯವರ ಜೊತೆ ಕೈರೋದಲ್ಲಿ ಅರ್ಧ ದಿನ ಸಿಗುತ್ತದೆ, ಕಸ ವಿಂಗಡಿಸುವ ಬಡಾವಣೆಯೊಳಗೆ ಕಾಲಿಡದೆ ಮೊಕತ್ತಂ ಗುಡ್ಡದ ಗುಹಾ ಚರ್ಚನ್ನು ನೋಡಲು ದಾರಿ ಇದೆಯೇ, ಇಲ್ಲವಾದರೆ ಹಳೆಯ ಕೈರೋದ ತೂಗು ಚರ್ಚಿಗಷ್ಟೇ ಹೋಗಿ ಬರಲೇ ಎಂದು ಕೇಳಿದ್ದೀರಿ. ಇದೇ ಷರತ್ತನ್ನು ಒಂದು ಕಾಲಕ್ಕೆ ನಾನೂ ಹಾಕಿದ್ದೆ. ನೀವು ಇಲ್ಲಿ ಕೇಳುವ ಜಾಣತನ ತೋರಿಸಿದ್ದೀರಿ. ನಾನು ಯಾರನ್ನೂ ಕೇಳದೆ ಬಾಡಿಗೆ ಕಾರಿನ ಚಾಲಕನಿಗೆ ಅಪ್ಪಣೆ ಕೊಟ್ಟುಬಿಟ್ಟೆ.

ನಾವು ಹೋದದ್ದು ಚಳಿಗಾಲದಲ್ಲಿ, ಗಂಡ ಹೆಂಡತಿ ಇಬ್ಬರೇ. ಮೊಕತ್ತಂ ಎನ್ನುವುದು ಕೈರೋದ ಪೂರ್ವದ ಅಂಚಿನಲ್ಲಿರುವ ಸುಣ್ಣಕಲ್ಲಿನ ಗುಡ್ಡ. ಅದರ ಬುಡದಲ್ಲಿ ಮನ್ಷಿಯತ್ ನಾಸಿರ್ ಎಂಬ ದಟ್ಟವಾದ ಬಡಾವಣೆ ಇದೆ, ಆ ಬಡಾವಣೆಯ ತುದಿಯಲ್ಲಿ ಬಂಡೆಯ ಮೈಗೆ ಅಂಟಿಕೊಂಡಂತೆ ಸಮಾನ್ ಎಂಬ ಸಂತನ ಹೆಸರಿನ ಮಠವಿದೆ, ಗುಹಾ ಚರ್ಚು ಇರುವುದು ಆ ಮಠದೊಳಗೆ. ಮಠಕ್ಕೆ ಹೋಗುವ ಬೀದಿಗಳಲ್ಲಿ ವಾಸಿಸುವವರು ಜಬ್ಬಾಲೀನರು, ಅಂದರೆ ನಗರದ ಮನೆಮನೆಯಿಂದ ಕಸ ಎತ್ತಿ ತಂದು, ವಿಂಗಡಿಸಿ, ಮಾರಿ ಬದುಕುವ ಜನ. ಅವರಲ್ಲಿ ಬಹುಪಾಲು ಮಂದಿ ಕಾಪ್ಟಿಕ್ ಕ್ರೈಸ್ತರು, ಅಂದರೆ ತಮ್ಮದೇ ಪೋಪ್ ಇರುವ ಈಜಿಪ್ಟಿನ ಪ್ರಾಚೀನ ಕ್ರೈಸ್ತ ಪಂಗಡದವರು. ವಾಸನೆ, ನೊಣ, ಇಕ್ಕಟ್ಟು ಎಂದೆಲ್ಲ ಓದಿಕೊಂಡಿದ್ದ ನಾನು ಚಾಲಕನಿಗೆ, ಕಸದ ಬಡಾವಣೆ ಬೇಡ, ಮೇಲಿನ ರಸ್ತೆಯಿಂದಲೇ ಕರೆದುಕೊಂಡು ಹೋಗಪ್ಪ ಎಂದೆ. ಆತ ಕನ್ನಡಿಯಲ್ಲಿ ನನ್ನ ಮುಖವನ್ನು ಒಮ್ಮೆ ನೋಡಿದ, ಏನೋ ಹೇಳಲು ಹೊರಟವನು ಸುಮ್ಮನಾದ. ಬಾಡಿಗೆ ಕೊಡುವವನು ನಾನು, ಆತ ಯಾಕೆ ವಾದ ಮಾಡುತ್ತಾನೆ?

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯನ್ನು ನೋಡಿದರೆ ನೀವೂ ಅದೇ ಜಾಗಕ್ಕೆ ಬಂದು ನಿಂತಿದ್ದೀರಿ ಅನಿಸುತ್ತದೆ. ಮೊಕತ್ತಂ ಎಂಬ ಹೆಸರು ಗುಡ್ಡಕ್ಕೂ ಇದೆ, ಗುಡ್ಡದ ನೆತ್ತಿಯ ಮೇಲೆ ಬೆಳೆದಿರುವ ಅನುಕೂಲಸ್ಥರ ಬಡಾವಣೆಗೂ ಇದೆ. ಅಲ್ಲಿ ಅಗಲವಾದ ರಸ್ತೆಗಳಿವೆ, ಅಪಾರ್ಟ್‌ಮೆಂಟುಗಳಿವೆ, ಊರನ್ನು ನೋಡುತ್ತ ಚಹಾ ಕುಡಿಯುವ ಅಂಗಡಿಗಳಿವೆ. ಮೊಬೈಲಿನ ಮ್ಯಾಪ್ ತೆರೆದರೆ ಚರ್ಚಿನ ಗುರುತು ಈ ಮೇಲಿನ ಬಡಾವಣೆಯ ಅಂಚಿಗೆ ತಾಗಿಕೊಂಡಂತೆಯೇ ಕಾಣುತ್ತದೆ, ಮೇಲಿನಿಂದ ನಾಲ್ಕು ಹೆಜ್ಜೆ ನಡೆದರೆ ಮುಗಿಯಿತು ಎನ್ನುವಷ್ಟು ಹತ್ತಿರ. ಆದರೆ ನಾವು ನೋಡುತ್ತಿದ್ದ ಮ್ಯಾಪಿನಲ್ಲಿ ಎತ್ತರ ತಿಳಿಯುತ್ತಿರಲಿಲ್ಲ. ಆ ನಾಲ್ಕು ಹೆಜ್ಜೆಯ ನಡುವೆ ಇರುವುದು ಕಡಿದಾದ ಪ್ರಪಾತ. ನಾವು ಕಾರಿನಿಂದಿಳಿದು ಅಂಚಿನವರೆಗೆ ನಡೆದು ಹೋಗಿ ಕೆಳಗೆ ನೋಡಿದೆವು. ಇಟ್ಟಿಗೆಯ ಮನೆಗಳ ತಾರಸಿಗಳ ಮೇಲೆ ಬಿಳಿ ಚೀಲಗಳ ರಾಶಿ, ನಡುವೆ ಗೆರೆ ಎಳೆದಂತೆ ಬೀದಿಗಳು. ನಾವು ಹುಡುಕುತ್ತಿದ್ದ ಚರ್ಚು ನಮ್ಮ ಕಾಲಡಿಯ ಬಂಡೆಯೊಳಗೇ ಇತ್ತು, ಇಳಿಯಲು ದಾರಿ ಇರಲಿಲ್ಲ. ಪಕ್ಕದಲ್ಲಿ ಚಹಾ ಮಾರುತ್ತಿದ್ದವನನ್ನು ಕೇಳಿದರೆ ಆತ ಬೆರಳನ್ನು ನೇರ ಕೆಳಕ್ಕೆ ತೋರಿಸಿ, ಆಮೇಲೆ ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬರೆದು ನಕ್ಕ.

ಆ ಸುತ್ತನ್ನು ಹೊಡೆಯುವ ಹೊತ್ತಿಗೆ ಕಚೇರಿ ಬಿಡುವ ಸಮಯವಾಗಿ ಹೆದ್ದಾರಿ ಕಟ್ಟಿಕೊಂಡಿತ್ತು. ಕೊನೆಗೆ ಅದೇ ಬಡಾವಣೆಯೊಳಗೆ ನುಗ್ಗಿದರೆ, ಎದುರಿಗೆ ತನ್ನ ಎರಡರಷ್ಟು ಎತ್ತರಕ್ಕೆ ಚೀಲ ಹೇರಿಕೊಂಡ ಪಿಕಪ್ ಗಾಡಿಯೊಂದು ಬೀದಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಮಠದ ಬಾಗಿಲಿಗೆ ಬಂದಾಗ ಬೆಳಕು ಇಳಿದಿತ್ತು, ಬಂಡೆಯ ಮೇಲಿನ ಕೆತ್ತನೆಗಳೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದವು, ಕಾವಲಿನವರು ಮರ್ಯಾದೆಯಿಂದಲೇ ಹೊರಡಿ ಎಂದರು. ದುಪ್ಪಟ್ಟು ಬಾಡಿಗೆ ತೆತ್ತದ್ದು ದೊಡ್ಡ ಸಂಗತಿಯಲ್ಲ. ಮರುದಿನ ಬೆಳಿಗ್ಗೆ ಸಕ್ಕಾರಾದ ಮೆಟ್ಟಿಲು ಪಿರಮಿಡ್ಡಿಗೆ ಮುಂಗಡ ಕೊಟ್ಟಿದ್ದೆವು, ಸಂಜೆ ವಿಮಾನವಿತ್ತು. ಎರಡರಲ್ಲಿ ಒಂದನ್ನು ಕೈಬಿಡಬೇಕಾಗಿ ಬಂತು. ಚರ್ಚೇ ಆಗಲಿ ಎಂದು ಹಟ ಹಿಡಿದವಳು ನನ್ನ ಹೆಂಡತಿ. ಸಕ್ಕಾರಾ ನಮಗೆ ಇಂದಿಗೂ ಬಾಕಿಯೇ.

ದೂರವನ್ನು ಅಳೆಯುವಲ್ಲಿ ತಪ್ಪಿದೆ ಎಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಅದು ನಿಜವಲ್ಲ. ಆ ಜನರಿಲ್ಲದೆ ಆ ಚರ್ಚು ಸಿಗಬೇಕು ಎಂದು ಬಯಸಿದ್ದೇ ತಪ್ಪು, ಮ್ಯಾಪಿನ ಎಡವಟ್ಟು ಅದರ ಹಿಂದೆ ತಾನಾಗಿಯೇ ಬಂತು. ಬಾದಾಮಿಯಂಥ ಗುಹೆಗಳನ್ನು ನೋಡಿದ ನಮ್ಮ ಕಣ್ಣಿಗೆ ಗುಹೆ ಎಂದೊಡನೆ ಸಾವಿರ ವರ್ಷದ ಕೆಲಸ ಎಂದು ತೋರುತ್ತದೆ. ಇಲ್ಲಿ ಹಾಗಲ್ಲ. ಮೇಲಿನ ಈಜಿಪ್ಟು ಎಂದು ಕರೆಯುವ ದಕ್ಷಿಣ ಭಾಗದ ಹಳ್ಳಿಗಳಿಂದ ಕೈರೋಗೆ ವಲಸೆ ಬಂದು ಕಸ ಎತ್ತುವ ಕೆಲಸಕ್ಕೆ ಇಳಿದಿದ್ದ ಈ ಕುಟುಂಬಗಳನ್ನು ಸುಮಾರು 1970ರ ವೇಳೆಗೆ ಸರ್ಕಾರ ಊರೊಳಗಿನಿಂದ ಎಬ್ಬಿಸಿ ಈ ಗುಡ್ಡದ ಬುಡಕ್ಕೆ ತಂದು ಹಾಕಿತು. ಆಗ ಇಲ್ಲಿ ಅವರಿಗೊಂದು ಪ್ರಾರ್ಥನೆಯ ಜಾಗವೂ ಇರಲಿಲ್ಲ. 1970ರ ದಶಕದಿಂದ ಮುಂದಕ್ಕೆ, ಕಲ್ಲುಮಣ್ಣು ತುಂಬಿಕೊಂಡಿದ್ದ ಗುಹೆಗಳನ್ನು ತೆರವು ಮಾಡಿ ಅವರು ಚರ್ಚುಗಳನ್ನು ಕಟ್ಟಿಕೊಂಡರು. ಅಂದರೆ ನೀವು ತಪ್ಪಿಸಿಕೊಂಡು ಹೋಗಬೇಕೆನ್ನುವ ಬಡಾವಣೆಯ ವಯಸ್ಸು ಚರ್ಚಿಗಿಂತ ಹೆಚ್ಚು. ಚರ್ಚು ಬಂದದ್ದೇ ಅದರಿಂದ.

ಮರುದಿನ ಬೆಳಿಗ್ಗೆ ಬಡಾವಣೆಯ ಹೊರಗೇ ಕಾರಿನಿಂದಿಳಿದು ನಡೆದೆವು. ವಾಸನೆ ಇದೆ, ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊಳೆತ ಹಣ್ಣಿನ ಹುಳಿ ವಾಸನೆ ಮತ್ತು ಪ್ಲಾಸ್ಟಿಕ್ ಕರಗುವ ಘಾಟು ಸೇರಿ ಮೊದಲು ಮೂಗು ಮುಚ್ಚಿಕೊಳ್ಳುವಂತಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೂಗು ಒಗ್ಗಿಕೊಳ್ಳುತ್ತದೆ. ಒಂದು ಮನೆಯ ನೆಲಮಾಳಿಗೆಯ ಬಾಗಿಲಲ್ಲಿ ಹೆಂಗಸೊಬ್ಬಳು ನೀರಿನ ಬಾಟಲಿಗಳ ಗುಡ್ಡೆಯ ನಡುವೆ ಕೂತಿದ್ದಳು. ಬಾಟಲಿ ಎತ್ತಿಕೊಂಡು, ಹೆಬ್ಬೆರಳಿನಿಂದ ಮುಚ್ಚಳ ತಿರುಗಿಸಿ ಒಂದು ಬುಟ್ಟಿಗೆ, ಮೇಲಿನ ಚೀಟಿಯನ್ನು ಸರ್ರನೆ ಹರಿದು ಇನ್ನೊಂದಕ್ಕೆ, ಬಾಟಲಿಯನ್ನು ಬಣ್ಣ ನೋಡಿ ಬೇರೆ ಬೇರೆ ಚೀಲಕ್ಕೆ ಹಾಕುತ್ತಿದ್ದಳು. ಇಷ್ಟೂ ಕೆಲಸ ನಡೆಯುವಾಗ ಆಕೆಯ ಕಣ್ಣು ಬೀದಿಯಲ್ಲಿ ಆಡುತ್ತಿದ್ದ ಮಗುವಿನ ಮೇಲಿತ್ತು. ಒಳಗೆ ಪ್ಲಾಸ್ಟಿಕ್ಕನ್ನು ಚೂರು ಮಾಡುವ ಯಂತ್ರ ಗರಗರ ಎನ್ನುತ್ತಿತ್ತು. ತಾವು ತಂದ ಕಸದಲ್ಲಿ ಶೇಕಡಾ 80ರವರೆಗೂ ಇವರು ಮರುಬಳಕೆಗೆ ತಿರುಗಿಸುತ್ತಾರೆ ಎಂಬ ಲೆಕ್ಕವನ್ನು ಓದಿದಾಗ ನಾನು ನಂಬಿರಲಿಲ್ಲ, ಆ ಕೈಗಳನ್ನು ನೋಡಿದ ಮೇಲೆ ನಂಬಿದೆ. ಹಸಿ ಕಸವನ್ನು ತಿನ್ನಲು ಇವರು ಹಂದಿ ಸಾಕುತ್ತಿದ್ದರು. 2009ರಲ್ಲಿ ಹಂದಿಜ್ವರದ ಭಯದಿಂದ ಸರ್ಕಾರ ದೇಶದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ರೋಗ ಹಂದಿಗಳಿಂದ ಜನರಿಗೆ ಹರಡುತ್ತಿಲ್ಲ ಎಂದು ತಜ್ಞರು ಹೇಳಿದರೂ ಕೇಳಲಿಲ್ಲ, ಹಸಿ ಕಸ ಕೈರೋದ ಬೀದಿಗಳಲ್ಲೇ ಕೊಳೆಯತೊಡಗಿತು.

ಇನ್ನು ಚರ್ಚು. ಬೀದಿಯ ಗದ್ದಲ ಮುಗಿದು ಮಠದ ಬಾಗಿಲು ದಾಟಿದರೆ ಜಾಗ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕತ್ತಲೆಯ ಗವಿ ಎಂದು ಕಲ್ಪಿಸಿಕೊಳ್ಳಬೇಡಿ. ಭಾರಿ ಬಂಡೆಯೊಂದು ಸೂರಿನಂತೆ ಮುಂದಕ್ಕೆ ಚಾಚಿದೆ, ಅದರ ಅಡಿಯಲ್ಲಿ ಅರ್ಧವೃತ್ತಾಕಾರದ ಬೆಂಚುಗಳ ಸಾಲುಗಳು ಬಲಿಪೀಠದ ಕಡೆಗೆ ಇಳಿಯುತ್ತ ಹೋಗುತ್ತವೆ, ಎದುರಿನ ಭಾಗ ಆಕಾಶಕ್ಕೆ ತೆರೆದಿದೆ. ಸುಮಾರು 20,000 ಜನ ಕೂರುವಷ್ಟು ದೊಡ್ಡದು. ಮಧ್ಯಪ್ರಾಚ್ಯದ ಅತಿ ದೊಡ್ಡ ಚರ್ಚುಗಳಲ್ಲಿ ಇದನ್ನು ಎಣಿಸುತ್ತಾರೆ. ಸುತ್ತಲಿನ ಬಂಡೆಗಳ ಮೇಲೆ ಪೋಲೆಂಡಿನಿಂದ ಬಂದ ಕಲಾವಿದರೊಬ್ಬರು ಬೈಬಲ್ಲಿನ ಪ್ರಸಂಗಗಳನ್ನು ಕೆತ್ತಿದ್ದಾರೆ. ಕೆತ್ತನೆಗಳು ನಾಜೂಕಾಗಿವೆ ಎಂದು ನಾನು ಹೇಳಲಾರೆ, ಕೆಲವು ಗೊಂಬೆಗಳಂತೆ ಕಾಣುತ್ತವೆ. ಆದರೆ ಬೆಳಗಿನ ಓರೆ ಬಿಸಿಲು ಬಿದ್ದಾಗ ಉಳಿಯ ಗುರುತುಗಳು ಎದ್ದು ಕಂಡು ಚೆನ್ನಾಗಿಯೇ ತೋರುತ್ತವೆ. ಹಿಂದಿನ ಸಂಜೆ ನಾವು ಕಳೆದುಕೊಂಡದ್ದು ಇದನ್ನೇ.

ಗೋಡೆಯ ಕತೆಗಳಲ್ಲಿ ಒಂದನ್ನು ಮಾತ್ರ ಮೊದಲೇ ತಿಳಿದುಕೊಂಡು ಹೋಗಿ. ಹತ್ತನೆಯ ಶತಮಾನದಲ್ಲಿ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ವಂಶದ ಮುಸ್ಲಿಂ ದೊರೆ, ಖಲೀಫ ಅಲ್‌ ಮುಯಿಝ್, ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟವೂ ಕದಲುತ್ತದೆ ಎನ್ನುತ್ತದಲ್ಲ ನಿಮ್ಮ ಗ್ರಂಥ, ಕದಲಿಸಿ ತೋರಿಸಿ ಎಂದು ಕಾಪ್ಟಿಕ್ ಪೋಪ್ ಅಬ್ರಾಹಾಮರಿಗೆ ಸವಾಲು ಹಾಕಿದನಂತೆ. ಮೂರು ದಿನದ ಗಡುವು ಪಡೆದ ಪೋಪ್ ತೂಗು ಚರ್ಚಿನಲ್ಲಿ ಉಪವಾಸವಿದ್ದು ಪ್ರಾರ್ಥಿಸಿದಾಗ ಮೇರಿಮಾತೆ ದರ್ಶನವಿತ್ತು, ನೀರಿನ ಕೊಡ ಹೊತ್ತು ಬರುವ ಒಕ್ಕಣ್ಣಿನ ಮನುಷ್ಯನನ್ನು ಹುಡುಕು ಎಂದಳಂತೆ. ಆತನೇ ಚರ್ಮ ಹದ ಮಾಡುವ ಸಮಾನ್. ಆತನ ಮಾತಿನಂತೆ ಜನರೆಲ್ಲ ಸೇರಿ ಪ್ರಾರ್ಥಿಸಿ ತಲೆಬಾಗಿ ಏಳುವಾಗಲೆಲ್ಲ ಮೊಕತ್ತಂ ನೆಲ ಬಿಟ್ಟು ಎದ್ದಿತು, ಅಡಿಯಲ್ಲಿ ಸೂರ್ಯ ಕಂಡಿತು ಎನ್ನುತ್ತದೆ ಕತೆ. ಘಟನೆಯ ವರ್ಷ 979 ಎಂದು ಹೇಳುವ ರೂಢಿಯಿದೆ, ಖಲೀಫ ಮಾತ್ರ 975ರಲ್ಲೇ ತೀರಿಕೊಂಡಿದ್ದ. ಇತಿಹಾಸದ ಲೆಕ್ಕ ಅಷ್ಟಕ್ಕೇ ಬಿಡಿ. ಕಾಪ್ಟಿಕ್ ಕ್ರೈಸ್ತರು ಇಂದಿಗೂ ಕ್ರಿಸ್‌ಮಸ್‌ಗೆ ಮುಂಚೆ 43 ದಿನ ಉಪವಾಸ ಹಿಡಿಯುತ್ತಾರೆ, 40ರ ಮೇಲಿನ ಆ 3 ದಿನ ಈ ಬೆಟ್ಟದ ಲೆಕ್ಕಕ್ಕೆ.

ಈ ಕತೆ ಗೊತ್ತಿದ್ದರೆ, ತೂಗು ಚರ್ಚೋ ಗುಹಾ ಚರ್ಚೋ ಎಂಬ ನಿಮ್ಮ ಪ್ರಶ್ನೆ ನಿಲ್ಲುವುದಿಲ್ಲ. ಕತೆ ಅಲ್ಲಿ ಶುರುವಾಗಿ ಇಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಅರ್ಧ ದಿನದಲ್ಲಿ ಎರಡೂ ಆಗುತ್ತವೆ, ಆದರೆ ಬಿಸಿಲಿನ ದೃಷ್ಟಿಯಿಂದ ಮೊಕತ್ತಂ ಮೊದಲಿರಲಿ.

ಚಾಲಕನಿಗೆ ಬರೀ ಮೊಕತ್ತಂ ಎಂದು ಹೇಳಲೇಬೇಡಿ. ದೇರ್ ಸಮಾನ್ ಅಲ್‌ ಖರ್ರಾಜ್, ಮನ್ಷಿಯತ್ ನಾಸಿರ್ ಎಂದು ಅರಬ್ಬಿಯಲ್ಲಿ ಬರೆಸಿಕೊಂಡು ತೋರಿಸಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬಡಾವಣೆಯಲ್ಲಿ ಕೆಲಸದಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಕಾರಿನ ಗಾಜನ್ನು ಮೇಲೇರಿಸಿಕೊಂಡು ಫೋಟೋ ತೆಗೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೊಳ್ಳಬೇಕೆಂದರೆ, ಚಿಂದಿ ಬಟ್ಟೆಯಿಂದ ಜಮಖಾನೆ ನೇಯುವ, ಹಳೆಯ ಕಾಗದದಿಂದ ಹೊಸ ಕಾಗದ ಮಾಡುವ ಹೆಂಗಸರ ಕಾರ್ಯಾಗಾರ ಅಲ್ಲಿಯೇ ಇದೆ, ದುಡ್ಡು ಅಲ್ಲಿ ಖರ್ಚಾಗಲಿ. ಬೀದಿಯಲ್ಲಿ ನಡೆಯುವಾಗ ಕೆಲವು ಗೋಡೆಗಳ ಮೇಲೆ ಬಿಳಿ, ಕಿತ್ತಳೆ, ನೀಲಿ ಬಣ್ಣದ ತುಂಡುಗಳು ಅರ್ಥವಿಲ್ಲದೆ ಕಾಣುತ್ತವೆ. ಅವು ಎಲ್‌ಸೀಡ್ ಎಂಬ ಫ್ರೆಂಚ್-ಟುನೀಶಿಯನ್ ಕಲಾವಿದ 2016ರಲ್ಲಿ ಸುಮಾರು 50 ಕಟ್ಟಡಗಳ ಮೇಲೆ ಹರಡಿ ಬರೆದ ಅರಬ್ಬಿ ಬರಹದ ಚೂರುಗಳು. ಗುಡ್ಡದ ಮೇಲಿನ ಒಂದು ನೆಲೆಯಿಂದ ನೋಡಿದರೆ ಮಾತ್ರ ಅದು ಪೂರ್ತಿಯಾಗಿ ಕೂಡಿಕೊಳ್ಳುತ್ತದೆ, ಮಠದಲ್ಲಿ ಕೇಳಿದರೆ ಯಾರಾದರೂ ಕೈ ತೋರಿಸುತ್ತಾರೆ.

ತಾಯಿಯವರ ವಿಚಾರ. ಕಾರು ಮಠದವರೆಗೂ ಹೋಗುತ್ತದೆ, ನಡೆಯಲಾಗದಿದ್ದರೆ ಅವರು ಕಾರಿನಲ್ಲೇ ಬರಲಿ, ಮೇಲಿನ ಸಾಲಿನ ಬೆಂಚಿನಲ್ಲಿ ಕೂತರೆ ಇಡೀ ಚರ್ಚು ಅವರ ಕಣ್ಣಿಗೆ ಬೀಳುತ್ತದೆ, ಬಲಿಪೀಠದವರೆಗೆ ಇಳಿದು ಹತ್ತುವ ಕಷ್ಟ ಬೇಕಿಲ್ಲ. ಉಸಿರಾಟದ ತೊಂದರೆ ಇದ್ದರೆ ಮಾತ್ರ ನಾನು ಒತ್ತಾಯ ಮಾಡುವುದಿಲ್ಲ. ಆಗ ಹಳೆಯ ಕೈರೋಗೆ ಹೋಗಿ, ಮೆಟ್ರೋದಲ್ಲಿ ಮಾರ್ ಗಿರ್ಗಿಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇದೆ. ಅಲ್ಲಿ ಅಬು ಸರ್ಗಾ ಎಂಬ ಚರ್ಚಿನ ನೆಲದಡಿಯಲ್ಲೂ ಪುಟ್ಟದೊಂದು ಗುಹೆ ಇದೆ, ಈಜಿಪ್ಟಿಗೆ ಓಡಿಬಂದ ಏಸುವಿನ ಕುಟುಂಬ ಅಲ್ಲಿ ತಂಗಿತ್ತು ಎಂದು ನಂಬುತ್ತಾರೆ. ಸುಲಭದ್ದೆಂದು ನೀವು ಆರಿಸಿಕೊಂಡ ತೂಗು ಚರ್ಚು ಮಾತ್ರ ರೋಮನ್ನರ ಕೋಟೆಬಾಗಿಲಿನ ಮೇಲೆ ಕಟ್ಟಿದ್ದು, ಅದಕ್ಕೆ 29 ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿದೆಯೇ ಎಂದು ತಾಯಿಯವರನ್ನು ಮೊದಲು ಕೇಳಿಕೊಳ್ಳಿ.