ಮೂರು ತರಗತಿಗಳು ಒಂದೇ ಕೋಣೆಯಲ್ಲಿ: ನಲಿ ಕಲಿ ಬಗ್ಗೆ ಪ್ರತಿಕ್ರಿಯೆ

ನಮಸ್ಕಾರ. ಸರ್ಕಾರಿ ಶಾಲೆಯ ಎರಡನೆಯ ತರಗತಿಯಲ್ಲಿರುವ ನಿಮ್ಮ ಮಗಳು ಒಂದು ಮತ್ತು ಮೂರನೆಯ ತರಗತಿಯ ಮಕ್ಕಳೊಂದಿಗೆ ಕುಳಿತು ಕಾರ್ಡು ಹಿಡಿದುಕೊಂಡಿರುತ್ತಾಳೆ, ಇದರಲ್ಲಿ ಪಾಠವೆಲ್ಲಿದೆ ಎಂದು ಕೇಳಿದ್ದೀರಿ. ನಿಮ್ಮ ಆತಂಕ ಸಹಜವಾದದ್ದೇ, ಆದರೆ ಪಾಠ ನಿಂತಿಲ್ಲ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಮಾದರಿಯಿಂದ ಪ್ರೇರಣೆ ಪಡೆದು ಆರಂಭವಾದ ನಲಿ ಕಲಿ ಪದ್ಧತಿ.

ಗೋಡೆಗೆ ತೂಗುಹಾಕಿದ ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಪಟದಲ್ಲಿ, ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗು ಚಿತ್ರದ ಗುರುತಿನಿಂದ ಕಂಡುಕೊಂಡು, ಅದೇ ಗುರುತಿನ ಕಾರ್ಡನ್ನು ತಾನೇ ತೆಗೆದುಕೊಂಡು, ಆ ಚಟುವಟಿಕೆಗೆ ಗೊತ್ತುಪಡಿಸಿದ ಗುಂಪಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಕೆಲವು ಗುಂಪುಗಳಲ್ಲಿ ಶಿಕ್ಷಕರು ಜೊತೆಗಿರುತ್ತಾರೆ, ಕೆಲವದರಲ್ಲಿ ಸಹಪಾಠಿಗಳು ನೆರವಾಗುತ್ತಾರೆ, ಇನ್ನೊಂದರಲ್ಲಿ ಮಗು ಸ್ವತಃ ಕಲಿಯುತ್ತದೆ. ಜ್ವರದಿಂದ ಹದಿನೈದು ದಿನ ಶಾಲೆಗೆ ಬಾರದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದೆಂಬುದು ಈ ಪದ್ಧತಿಯ ಅತಿ ದೊಡ್ಡ ಗುಣವೆಂದು ನಾನು ನಂಬಿದ್ದೇನೆ. ಆದರೆ ಒಬ್ಬರೇ ಶಿಕ್ಷಕರ ಮುಂದೆ ಮಕ್ಕಳು ಹೆಚ್ಚಾದಲ್ಲಿ ಇದು ಸೊರಗುವುದೂ ನಿಜ.

ಆದ್ದರಿಂದ ಒಮ್ಮೆ ಶಾಲೆಗೆ ಹೋಗಿ, ಅಂಕ ಕೇಳುವ ಬದಲು ಮಕ್ಕಳ ಕಲಿಕೆಯನ್ನು ಗುರುತಿಸುವ ‘ಪ್ರಗತಿ ನೋಟ’ ಪಟ್ಟಿಯಲ್ಲಿ ಮಗಳು ಏಣಿಯ ಎಷ್ಟು ಮೈಲುಗಲ್ಲು ದಾಟಿದ್ದಾಳೆಂದು ನೋಡಿ. ಮನೆಯಲ್ಲಿ ಪಾಪು ಹುಟ್ಟಿದ್ದರೆ, ಅಜ್ಜಿಗೆ ಹುಷಾರಿಲ್ಲದಿದ್ದರೆ ಅದನ್ನೂ ದಯವಿಟ್ಟು ಶಿಕ್ಷಕರಿಗೆ ತಿಳಿಸಿ. ಮಗು ಒಂದೇ ಮೆಟ್ಟಿಲಿನಲ್ಲಿ ಯಾಕೆ ನಿಂತಿದೆ ಎಂಬುದು ಎಷ್ಟೋ ಸಲ ಅವರಿಗೆ ಆಗಲೇ ಅರ್ಥವಾಗುತ್ತದೆ.