ಹಿಮದಡಿ ಮಲಗುವ ಪುಟ್ಟ ಪಾಸಮ್

ಮೌಂಟನ್ ಪಿಗ್ಮಿ ಪಾಸಮ್ ಎಂಬ ಆಸ್ಟ್ರೇಲಿಯಾದ ಪುಟ್ಟ ಸಸ್ತನಿ ಹೇಗಿರುತ್ತದೆ, ಎಲ್ಲಿ ಬದುಕುತ್ತದೆ ಎಂಬುದು ಪ್ರಶ್ನೆ.

ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುವ ಈ ನಿಶಾಚರಿಯ ತೂಕ ಸುಮಾರು 45 ಗ್ರಾಂ, ಅಂದರೆ ಅಂಗೈಯಲ್ಲಿ ಆರಾಮವಾಗಿ ಹಿಡಿಸುವಷ್ಟು. ಬೆನ್ನು ಬೂದುಗಂದು, ಹೊಟ್ಟೆ ತಿಳಿಬಣ್ಣ. ಕಪ್ಪು ಕಣ್ಣುಗಳು ದೊಡ್ಡವು. ದೇಹಕ್ಕಿಂತ ಉದ್ದವಾದ ಬಾಲ ಬುಡದಲ್ಲಷ್ಟೇ ರೋಮ ಹೊದ್ದು, ಮುಂದೆ ಬೋಳಾಗಿ, ಹಿಡಿದುಕೊಳ್ಳಲು ನೆರವಾಗುತ್ತದೆ.

1895ರಲ್ಲಿ ವಿಜ್ಞಾನಿ ರಾಬರ್ಟ್ ಬ್ರೂಮ್ ಪಳೆಯುಳಿಕೆಯ ಆಧಾರದಿಂದ ವರ್ಣಿಸಿದ್ದ, ಅಳಿದೇಹೋಗಿದೆ ಎಂದು ಎಲ್ಲರೂ ನಂಬಿದ್ದ ಈ ಜೀವಿ, 1966ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೌಂಟ್ ಹೋಥಮ್‌ನ ಸ್ಕೀ ವಸತಿಯೊಂದರಲ್ಲಿ ಜೀವಂತವಾಗಿ ಸಿಕ್ಕಿತು. ಪ್ರಾಣಿವಿಜ್ಞಾನದಲ್ಲಿ ಇಷ್ಟು ಸಂತಸದ ಸುದ್ದಿಗಳು ಅಪರೂಪ.

ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್‌ನ ಎತ್ತರದ ಪರ್ವತಗಳಲ್ಲಿ, ಬಂಡೆಗಳು ಒಂದರ ಮೇಲೊಂದು ಬಿದ್ದಿರುವ ಇಳಿಜಾರುಗಳ ಸಂದುಗಳೇ ಇದರ ಮನೆ. ವಸಂತದಲ್ಲಿ ತಗ್ಗು ಬಯಲುಗಳಿಂದ ಹಾರಿಬರುವ ಬೋಗಾಂಗ್ ಪತಂಗಗಳು ಇದರ ಮುಖ್ಯ ಆಹಾರ. ಬೀಜಗಳನ್ನೂ ಹಣ್ಣುಗಳನ್ನೂ ತಿನ್ನುತ್ತದೆ, ಗಟ್ಟಿ ಬೀಜ ಒಡೆಯಲು ಗೀರುಗಳುಳ್ಳ ದೊಡ್ಡ ಹಲ್ಲೊಂದು ದವಡೆಯ ಎರಡೂ ಬದಿಗಿದೆ. ಚಳಿಗಾಲಕ್ಕೆ ಮುನ್ನ ಮೈತುಂಬ ಕೊಬ್ಬು ಕೂಡಿಸಿಕೊಂಡು, ಉಂಡೆಯಂತೆ ಸುತ್ತಿಕೊಂಡು, ಹಿಮದ ಹೊದಿಕೆಯಡಿ ಏಳು ತಿಂಗಳವರೆಗೆ ಶಿಶಿರನಿದ್ರೆ ಮಾಡುತ್ತದೆ. ನಡುನಡುವೆ ಕೆಲಹೊತ್ತು ಎಚ್ಚರಗೊಳ್ಳುವುದುಂಟು. ಆ ಹಿಮವೇ ಕಂಬಳಿಯಾದ್ದರಿಂದ, ಹಿಮ ತೆಳುವಾದರೆ ಚಳಿ ಬಂಡೆಗಳ ಸಂದಿಗೂ ಇಳಿಯುತ್ತದೆ. 2017ರ ನಂತರದ ಬರದಲ್ಲಿ ಬೋಗಾಂಗ್ ಪತಂಗಗಳು ತೀವ್ರವಾಗಿ ಕುಸಿದಾಗ, ಹಾಲೂಡುವ ತಾಯಂದಿರು ಆಹಾರವಿಲ್ಲದೆ ಮರಿಗಳನ್ನು ಕಳೆದುಕೊಂಡವು.